ಊಟದ ಕೋಣೆಯಲ್ಲಿ ಹರಿದ ಬಣ್ಣ

ವಾಷಿಂಗ್ಟನ್ ನಗರದ ವಾಯವ್ಯ ಭಾಗದಲ್ಲಿ ಲೆಗೇಶನ್ ಸ್ಟ್ರೀಟ್ ಎಂಬ ಬೀದಿಯಿದೆ. 1952ರಿಂದ 1962ರವರೆಗೆ ಆ ಬೀದಿಯ ಒಂದು ಮನೆಯ ಊಟದ ಕೋಣೆ ಊಟಕ್ಕೆ ಬಳಕೆಯಾಗಲಿಲ್ಲ. ಸುಮಾರು 12 ಅಡಿ ಅಗಲ, 14 ಅಡಿ ಉದ್ದದ ಆ ಕೋಣೆಯೇ ಮಾರಿಸ್ ಲೂಯಿಸ್ ಅವರ ಸ್ಟುಡಿಯೊ. ಅಲ್ಲಿ 1960ರಲ್ಲಿ ಸಿದ್ಧವಾದ 'ಆಲ್ಫಾ-ಪೈ' ಎಂಬ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರ ಎತ್ತರ ಎಂಟೂವರೆ ಅಡಿ, ಅಗಲ ಹದಿನಾಲ್ಕು ಅಡಿಗೂ ಹೆಚ್ಚು. ಅಂದರೆ ಆ ಕೋಣೆಯ ಯಾವ ಗೋಡೆಯ ಮೇಲೂ ಅದನ್ನು ಪೂರ್ತಿಯಾಗಿ ಬಿಡಿಸಿ ತೂಗುಹಾಕುವಂತಿರಲಿಲ್ಲ. ಇಂಥ ನೂರಕ್ಕೂ ಹೆಚ್ಚು ಚಿತ್ರಗಳನ್ನು ಲೂಯಿಸ್ ಒಂದು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಮಾಡಿದರು. ಒಣಗಿದ ಮೇಲೆ ಸುತ್ತಿ ಬದಿಗಿಟ್ಟರು. ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಬಿಟ್ಟರೆ ಉಳಿದವನ್ನು ಚೌಕಟ್ಟಿಗೆ ಬಿಗಿದು, ದೂರ ನಿಂತು ನೋಡುವ ಅವಕಾಶವೇ ಅವರಿಗೆ ಸಿಗಲಿಲ್ಲ.

ಮಡಚಿದ ಬಟ್ಟೆಯ ಮೇಲೆ, ಇಡೀ ಚಿತ್ರವನ್ನು ಒಮ್ಮೆಲೇ ಕಾಣದೆ, ಅಷ್ಟು ನಿಖರವಾಗಿ ಬಣ್ಣ ಹರಿಸಲು ಒಬ್ಬ ಕಲಾವಿದನಿಗೆ ಹೇಗೆ ಸಾಧ್ಯವಾಯಿತು? ಈ ಚಿತ್ರಗಳನ್ನು ಲೂಯಿಸ್ ಮಾಡುವುದನ್ನು ಯಾರೂ ಕಂಡವರಿಲ್ಲ. ಹೆಂಡತಿ ಮಾರ್ಸೆಲ್ಲಾ ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ಅವರ ದಿನ ಶುರು. ಆಕೆ ಮರಳುವ ಹೊತ್ತಿಗೆ ಬಟ್ಟೆ, ಬಣ್ಣ, ಡಬ್ಬಿ ಎಲ್ಲ ಒಪ್ಪವಾಗಿರುತ್ತಿತ್ತು. ಗೆಳೆಯರಿಗೂ ತಮ್ಮ ವಿಧಾನ ವಿವರಿಸಲಿಲ್ಲ, ಬರೆದಿಡಲೂ ಇಲ್ಲ. ಇಪ್ಪತ್ತನೆಯ ಶತಮಾನದ ಕಲಾವಿದರು ತಮ್ಮ ಬಗ್ಗೆ ಧಾರಾಳವಾಗಿ ಮಾತಾಡಿದ್ದಾರೆ; ಲೂಯಿಸ್ ಬಾಯಿ ಬಿಡಲಿಲ್ಲ.

ಅವರು ಹುಟ್ಟಿದ್ದು 1912ರ ನವೆಂಬರ್ 28ರಂದು, ಬಾಲ್ಟಿಮೋರ್‌ನಲ್ಲಿ. ತಂದೆತಾಯಿ ರಷ್ಯಾದಿಂದ ಬಂದ ಯಹೂದಿಗಳು. ಮಗನ ಪೂರ್ಣ ಹೆಸರು ಮಾರಿಸ್ ಲೂಯಿಸ್ ಬರ್ನ್‌ಸ್ಟೀನ್. ಊರಿನದೇ ಆದ ಮೇರಿಲ್ಯಾಂಡ್ ಇನ್‌ಸ್ಟಿಟ್ಯೂಟ್‌ನಲ್ಲಿ 1929ರಿಂದ ಚಿತ್ರಕಲೆ ಕಲಿತರು, ಮುಗಿಯುವ ಮುನ್ನವೇ ಬಿಟ್ಟರು. ಅದು ಮಹಾ ಆರ್ಥಿಕ ಕುಸಿತದ ಕಾಲ. ಸಿಕ್ಕ ಸಣ್ಣಪುಟ್ಟ ಕೆಲಸ ಮಾಡಿಕೊಂಡು ಚಿತ್ರ ಬರೆಯಬೇಕಿತ್ತು. 1936ರಲ್ಲಿ ನ್ಯೂಯಾರ್ಕಿಗೆ ಹೋದರು. ಮನೆತನದ ಹೆಸರನ್ನು ಅಲ್ಲಿ ಕೈಬಿಟ್ಟರು.

ನ್ಯೂಯಾರ್ಕಿನಲ್ಲಿ ಅವರು ಸೇರಿಕೊಂಡ ಜಾಗವನ್ನು ಗಮನಿಸಬೇಕು. ಮೆಕ್ಸಿಕೊದ ಭಿತ್ತಿಚಿತ್ರಕಾರ ಡೇವಿಡ್ ಅಲ್ಫಾರೊ ಸಿಕೇರೊಸ್ ಆ ವರ್ಷ ನಗರದಲ್ಲಿ ಒಂದು ಪ್ರಯೋಗಶಾಲೆ ತೆರೆದಿದ್ದರು. ಕಾರುಗಳಿಗೆ ಹೊಡೆಯುವ ಕೈಗಾರಿಕಾ ಬಣ್ಣವನ್ನು ಅಲ್ಲಿ ಸುರಿಯುತ್ತಿದ್ದರು, ಚಿಮುಕಿಸುತ್ತಿದ್ದರು, ಸ್ಪ್ರೇ ಗನ್‌ನಿಂದ ಎರಚುತ್ತಿದ್ದರು. ಮೆರವಣಿಗೆಗೆ ಬೇಕಾದ ರಾಜಕೀಯ ಫಲಕಗಳೂ ಅಲ್ಲೇ ತಯಾರಾಗುತ್ತಿದ್ದವು. ಚಿತ್ರಕಾರ ಜಾಕ್ಸನ್ ಪೊಲಾಕ್ ಕೂಡ ಅಲ್ಲಿದ್ದವರೇ. ಕುಂಚವಿಲ್ಲದೆಯೂ ಬಣ್ಣ ತನ್ನ ತೂಕದಿಂದ, ತನ್ನ ದಾರಿಯಲ್ಲಿ ಕೆಲಸ ಮಾಡಬಲ್ಲದು ಎಂಬುದನ್ನು ಇಬ್ಬರೂ ಇಪ್ಪತ್ತರ ಹರೆಯದಲ್ಲೇ ಕಣ್ಣಾರೆ ಕಂಡಿದ್ದರು. ಪೊಲಾಕ್ ಅದನ್ನು ಹತ್ತು ವರ್ಷದ ನಂತರ ಬಳಸಿಕೊಂಡರು. ಲೂಯಿಸ್‌ಗೆ ಇನ್ನೂ ತಡವಾಯಿತು.

1940ರ ಸುಮಾರಿಗೆ ಬಾಲ್ಟಿಮೋರ್‌ಗೆ ವಾಪಸಾದರು. 1947ರಲ್ಲಿ ಮಾರ್ಸೆಲ್ಲಾ ಸೀಗಲ್ ಅವರೊಂದಿಗೆ ಮದುವೆ. ಮನೆ ನಡೆದದ್ದು ಹೆಚ್ಚಾಗಿ ಆಕೆಯ ಸಂಬಳದಿಂದ; ಲೂಯಿಸ್ ಕೆಲವರಿಗೆ ಪಾಠ ಹೇಳುತ್ತಿದ್ದರು. 1951ರಲ್ಲಿ 'ಚಾರ್ಡ್ ಜರ್ನಲ್' ಎಂಬ ಸರಣಿ ಬರೆದರು. ಕಪ್ಪು ನೆಲದ ಮೇಲೆ ಬಿಳಿ ಗೆರೆಗಳು ಅಕ್ಷರಗಳಂತೆ ತೇಲುವ ಆ ಚಿತ್ರಗಳ ಹಿಂದೆ ನಾಜಿಗಳು ಪುಸ್ತಕ ಸುಟ್ಟ ನೆನಪಿದೆ. ಆ ಚಿತ್ರಗಳು ಗಟ್ಟಿಯಾದವು, ನಿಜ. ಆದರೆ ಪೊಲಾಕ್‌ರ ನೆರಳು ಅವುಗಳ ಮೇಲೆ ದಟ್ಟವಾಗಿಯೇ ಇದೆ. ಮರುವರ್ಷ ದಂಪತಿ ವಾಷಿಂಗ್ಟನ್‌ಗೆ ಬಂದಾಗ ಲೂಯಿಸ್ ನಲವತ್ತರ ಹೊಸ್ತಿಲಲ್ಲಿದ್ದರು. ನ್ಯೂಯಾರ್ಕಿನಲ್ಲಿ ಅವರ ಹೆಸರು ಕೇಳಿದವರು ಬಹಳ ಕಡಿಮೆ.

ಅದೇ ವರ್ಷ, 1952ರ ಅಕ್ಟೋಬರ್ 26ರಂದು, ನ್ಯೂಯಾರ್ಕಿನಲ್ಲಿ ಇನ್ನೊಂದು ಘಟನೆ ನಡೆಯಿತು. ಕಲಾವಿದೆ ಹೆಲೆನ್ ಫ್ರಾಂಕೆಂಥಾಲರ್‌ಗೆ ಆಗ 23 ವರ್ಷ. ಆ ಬೇಸಿಗೆಯಲ್ಲಿ ಕೆನಡಾದ ನೋವಾ ಸ್ಕೋಷಿಯಾ ಸುತ್ತಿ, ಅಲ್ಲಿನ ಬೆಟ್ಟ ಮತ್ತು ಕಡಲನ್ನು ಜಲವರ್ಣದಲ್ಲಿ ಬರೆದುಕೊಂಡು ಬಂದಿದ್ದರು. ಸ್ಟುಡಿಯೊದ ನೆಲದ ಮೇಲೆ ಏಳು ಅಡಿಗೆ ಹತ್ತು ಅಡಿಯಷ್ಟು ದೊಡ್ಡ ಕ್ಯಾನ್ವಾಸ್ ಹಾಸಿದರು. ಹಾಸಿ ಚಿತ್ರ ಬರೆಯುವುದನ್ನು ಪೊಲಾಕ್‌ರಿಂದ ಕಲಿತಿದ್ದರು. ಇದ್ದಿಲಿನಲ್ಲಿ ಕೆಲವು ಗೆರೆ ಎಳೆದು, ತೈಲವರ್ಣವನ್ನು ಟರ್ಪಂಟೈನ್‌ನಲ್ಲಿ ನೀರಾಗಿಸಿ ಕ್ಯಾನ್ವಾಸಿನ ಮೇಲೆ ಸುರಿದರು.

ಆ ಬಟ್ಟೆಗೆ ಪ್ರೈಮರ್ ಬಳಿದಿರಲಿಲ್ಲ. ಶತಮಾನಗಳಿಂದ ತೈಲವರ್ಣದ ಚಿತ್ರಕಾರರು ಮೊದಲು ಬಟ್ಟೆಗೆ ಅಂಟು, ಅದರ ಮೇಲೆ ಬಿಳಿ ಲೇಪ ಬಳಿದು, ಅದು ಒಣಗಿದ ಮೇಲೆ ಬಣ್ಣ ಹಚ್ಚುತ್ತಿದ್ದರು. ಲೇಪವಿದ್ದರೆ ಬಣ್ಣ ಮೇಲೆ ಕೂರುತ್ತದೆ. ಇಲ್ಲವಾದರೆ ನೂಲಿನೊಳಗೆ ಇಳಿಯುತ್ತದೆ; ಬಣ್ಣ ಬಿಡುವ ಹೊಸ ಸೀರೆಯನ್ನು ಬಿಳಿ ಪಂಚೆಯ ಜೊತೆ ನೆನೆಹಾಕಿದವರಿಗೆಲ್ಲ ಇದು ಗೊತ್ತು. ಫ್ರಾಂಕೆಂಥಾಲರ್‌ರ ಬಟ್ಟೆಯಲ್ಲಿ ನಸುಗೆಂಪು, ತಿಳಿನೀಲಿ, ಹಸಿರು ಕಲೆಗಳು ಹರಡಿ, ನಡುವೆ ಬರೀ ಬಟ್ಟೆ ಉಳಿಯಿತು. 'ಮೌಂಟನ್ಸ್ ಅಂಡ್ ಸೀ' ಎಂದು ಹೆಸರಿಟ್ಟರು. ಚಿತ್ರ ಮಾರಾಟವಾಗಲಿಲ್ಲ. ಜೀವನಪೂರ್ತಿ ಅದು ಅವರ ಸ್ವತ್ತಾಗಿಯೇ ಉಳಿಯಿತು; ಬಹುಕಾಲದಿಂದ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಎರವಲಾಗಿ ಇದೆ.

ಲೂಯಿಸ್‌ಗೂ ಆ ಚಿತ್ರಕ್ಕೂ ನಂಟು ಕಲ್ಪಿಸಿದ್ದು ಇಬ್ಬರು. ಒಬ್ಬರು ಕೆನೆತ್ ನೋಲೆಂಡ್, ಲೂಯಿಸ್‌ಗಿಂತ ಹನ್ನೊಂದು ವರ್ಷ ಚಿಕ್ಕವರು, ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಕಲಿತವರು. ವಾಷಿಂಗ್ಟನ್ ವರ್ಕ್‌ಶಾಪ್ ಸೆಂಟರ್‌ನಲ್ಲಿ ಪಾಠ ಹೇಳುವಾಗ ಇಬ್ಬರಿಗೂ ಗೆಳೆತನವಾಗಿತ್ತು. ಇನ್ನೊಬ್ಬರು ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್. ಪೊಲಾಕ್‌ರನ್ನು ಮೊದಲಿಗೇ ಗುರುತಿಸಿ ಬೆಂಬಲಿಸಿದವರಲ್ಲಿ ಅವರು ಪ್ರಮುಖರು. ಅವರ ಮಾತಿಗೆ ಗ್ಯಾಲರಿಗಳಲ್ಲಿ ಭಾರಿ ತೂಕವಿತ್ತು. 1953ರ ಏಪ್ರಿಲ್ ಮೊದಲ ವಾರಾಂತ್ಯದಲ್ಲಿ ನೋಲೆಂಡ್ ಮತ್ತು ಲೂಯಿಸ್ ನ್ಯೂಯಾರ್ಕಿಗೆ ಹೋದಾಗ ಗ್ರೀನ್‌ಬರ್ಗ್ ಅವರನ್ನು ಫ್ರಾಂಕೆಂಥಾಲರ್‌ರ ಸ್ಟುಡಿಯೊಗೆ ಕರೆದೊಯ್ದರು.

ಕಲೆಯ ಇತಿಹಾಸದ ಪುಸ್ತಕಗಳಲ್ಲಿ ಈ ಭೇಟಿ ದೊಡ್ಡ ಅಧ್ಯಾಯ. ಪೊಲಾಕ್‌ರಿಂದ ಮುಂದೆ ಸಾಧ್ಯವಿರುವುದರ ಕಡೆಗೆ ಫ್ರಾಂಕೆಂಥಾಲರ್ ಒಂದು ಸೇತುವೆಯಾದರು ಎಂದು ಲೂಯಿಸ್ ಆಮೇಲೆ ಹೇಳಿದರಂತೆ. ಮಾತು ಮೆಚ್ಚುಗೆಯದೇ. ಆದರೆ ಅದರ ನಂತರ ಬಂದವರು ಆಕೆಯನ್ನು ಬರೀ ಸೇತುವೆಯಾಗಿಸಿಬಿಟ್ಟರು, ಗಂಡಸರು ದಾಟಿ ಹೋಗಲಿಕ್ಕೆ ಕಟ್ಟಿದ್ದು ಎನ್ನುವಂತೆ. ಇದು ಅನ್ಯಾಯ. 2011ರಲ್ಲಿ ತೀರಿಕೊಳ್ಳುವವರೆಗೆ ಅವರು ದಶಕಗಟ್ಟಲೆ ದುಡಿದ ದೊಡ್ಡ ಕಲಾವಿದೆ. ಲೂಯಿಸ್‌ಗಿಂತ ಬಹಳ ಭಿನ್ನವಾದ, ಹೆಚ್ಚು ಚಂಚಲವಾದ ಕಣ್ಣು ಅವರದು. ಅವರ ಚಿತ್ರದಲ್ಲಿ ಬೆಟ್ಟವೂ ಕಡಲೂ ಮಸುಕಾಗಿಯಾದರೂ ಉಳಿದಿವೆ. ಲೂಯಿಸ್ ಅದನ್ನೂ ಬಿಟ್ಟರು.

ವಾಷಿಂಗ್ಟನ್‌ಗೆ ಮರಳಿದ ಮೇಲೆ ಇಬ್ಬರು ಗೆಳೆಯರೂ ಕೆಲವು ವಾರ ಒಂದೇ ಕ್ಯಾನ್ವಾಸಿನ ಮೇಲೆ ಕೂಡಿ ಕೆಲಸ ಮಾಡಿದರು. ಜಾಝ್ ಸಂಗೀತಗಾರರು ಕೂತು ನುಡಿಸುವಂತೆ ಎಂದು ನೋಲೆಂಡ್ ಅದನ್ನು 'ಜ್ಯಾಮ್' ಚಿತ್ರಕಲೆ ಎಂದು ಕರೆದರು. ಕೈಗೆ ಅಂಟಿದ ರೂಢಿಯನ್ನು ಮುರಿಯುವುದು ಉದ್ದೇಶವಾಗಿತ್ತು.

ಬಣ್ಣದ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ತೈಲವರ್ಣವನ್ನು ಲೇಪವಿಲ್ಲದ ಬಟ್ಟೆಗೆ ಸುರಿದರೆ ಎಣ್ಣೆ ಬಣ್ಣಕ್ಕಿಂತ ಮುಂದೆ ಹರಿದು, ಪ್ರತಿ ಕಲೆಯ ಸುತ್ತ ಹಳದಿ ಅಂಚು ಕಟ್ಟುತ್ತದೆ. ಎಣ್ಣೆ ಕಾಲಕ್ರಮದಲ್ಲಿ ನೂಲನ್ನೂ ತಿನ್ನುತ್ತದೆ. ಲೂಯಿಸ್‌ರ ಬಳಿ ಬೇರೆ ಬಣ್ಣವಿತ್ತು. ನ್ಯೂಯಾರ್ಕಿನಲ್ಲಿ ಲೆನರ್ಡ್ ಬೊಕೂರ್ ಮತ್ತು ಸ್ಯಾಮ್ ಗೋಲ್ಡನ್ ತಯಾರಿಸುತ್ತಿದ್ದ 'ಮ್ಯಾಗ್ನಾ' ಅದು. ಎಣ್ಣೆಯ ಬದಲು ಅಕ್ರಿಲಿಕ್ ರಾಳ, ಕರಗಿಸಲು ನೀರಲ್ಲ, ಟರ್ಪಂಟೈನ್. ಎಷ್ಟು ತೆಳ್ಳಗೆ ಮಾಡಿದರೂ ಅದರ ಕಾಂತಿ ಕುಂದುವುದಿಲ್ಲ. ಒಣಗಿದ ಪದರದ ಮೇಲೆ ಮತ್ತೆ ಸುರಿದರೆ ಕೆಳಗಿನ ಪದರ ಸ್ವಲ್ಪ ಕರಗಿ ಹೊಸದರೊಡನೆ ಬೆರೆಯುತ್ತದೆ. ಈ ಕೊನೆಯ ಗುಣವಿಲ್ಲದಿದ್ದರೆ ಲೂಯಿಸ್‌ರ 'ವೇಲ್' (ತೆರೆ) ಚಿತ್ರಗಳೇ ಇರುತ್ತಿರಲಿಲ್ಲ.

1954ರಲ್ಲಿ ಮೊದಲ ವೇಲ್‌ಗಳು ಬಂದವು. ಬಟ್ಟೆಯನ್ನು ಮರದ ಚೌಕಟ್ಟಿಗೆ ಸಡಿಲವಾಗಿ ಸಿಕ್ಕಿಸಿ, ಅಂಚಿನಿಂದ ಒಂದಾದ ಮೇಲೊಂದು ತೆಳುಬಣ್ಣ ಹರಿಬಿಟ್ಟರು. ದೂರದಿಂದ ಕಂಡರೆ ಕಂದು ಅಥವಾ ಕಂಚಿನ ಬಣ್ಣದ ಒಂದೇ ದೊಡ್ಡ ತೆರೆ. ಹತ್ತಿರ ಹೋದರೆ ಅಂಚಿನಲ್ಲಿ ಒಳಗಿನ ಗುಟ್ಟು ಬಯಲಾಗುತ್ತದೆ: ಕಿತ್ತಳೆಯ ಒಂದು ನಾಲಿಗೆ, ಪಕ್ಕದಲ್ಲಿ ಉಜ್ವಲ ಹಳದಿ, ಹಸಿರಿನ ಒಂದು ಎಳೆ, ಎಲ್ಲವೂ ಆ ಕಂಚಿನ ಅಡಿಯಿಂದ ತಲೆ ಎತ್ತಿವೆ. ಇಡೀ ಕಂಚು ಈ ಬಣ್ಣಗಳ ಮೊತ್ತ. ಕೆಲವು ವೇಲ್‌ಗಳಲ್ಲಿ ಚೌಕಟ್ಟಿನ ಅಡ್ಡಮರಕ್ಕೆ ಬಟ್ಟೆ ತಾಗಿದ ಕಡೆ ಬಣ್ಣ ನಿಂತು ಗೆರೆ ಕಟ್ಟಿದೆ. ಲೂಯಿಸ್ ಬಟ್ಟೆಯನ್ನು ಎಲ್ಲಿ ಎತ್ತಿದರು, ಎಲ್ಲಿ ಇಳಿಬಿಟ್ಟರು ಎಂದು ವಿದ್ವಾಂಸರು ಊಹಿಸುವುದು ಇಂಥ ಗುರುತುಗಳಿಂದಲೇ.

ಆ ವರ್ಷದ ಜನವರಿಯಲ್ಲಿ ಗ್ರೀನ್‌ಬರ್ಗ್ ಕೂಟ್ಜ್ ಗ್ಯಾಲರಿಯ ಹೊಸ ಪ್ರತಿಭೆಗಳ ಪ್ರದರ್ಶನಕ್ಕೆ ಲೂಯಿಸ್‌ರನ್ನು ಆರಿಸಿದ್ದರು. ಇನ್ನೇನು ದಾರಿ ಸುಗಮವಾಯಿತು ಅನ್ನಬೇಕು. ಹಾಗಾಗಲಿಲ್ಲ. 1955ರಿಂದ 1957ರವರೆಗೆ ಲೂಯಿಸ್ ತಾವು ಕಂಡುಕೊಂಡದ್ದನ್ನೇ ಬಿಟ್ಟು, ನ್ಯೂಯಾರ್ಕಿನ ಅಂದಿನ ರೀತಿಯಲ್ಲಿ, ಬೀಸುಗೈಯ ಹೊಡೆತಗಳಿಂದ ತುಂಬಿದ ಚಿತ್ರಗಳನ್ನು ಬರೆದರು. 1957ರಲ್ಲಿ ಮಾರ್ಥಾ ಜ್ಯಾಕ್ಸನ್ ಗ್ಯಾಲರಿಯಲ್ಲಿ ಅವು ಪ್ರದರ್ಶನವೂ ಆದವು. ಗ್ರೀನ್‌ಬರ್ಗ್‌ಗೆ ಹಿಡಿಸಲಿಲ್ಲ. ಆ ಮೂರು ವರ್ಷಗಳ ಚಿತ್ರಗಳಲ್ಲಿ ಕೆಲವೇ ಕೆಲವನ್ನು ಉಳಿಸಿ ಮಿಕ್ಕ ನೂರಾರನ್ನು ಲೂಯಿಸ್ ನಾಶಮಾಡಿದರು.

ವಿಮರ್ಶಕನ ಮಾತಿಗೆ ಮಣಿದು ಕಲಾವಿದ ತನ್ನ ಕೆಲಸ ನಾಶಮಾಡಿದ ಎಂದು ಇದನ್ನು ಹೇಳುವವರಿದ್ದಾರೆ. ಗ್ರೀನ್‌ಬರ್ಗ್‌ರ ಪ್ರಭಾವವನ್ನು ಕಡಿಮೆ ಅಂದಾಜಿಸುವುದು ತಪ್ಪು. ಆದರೆ ಒಬ್ಬರ ಒಪ್ಪಿಗೆಗಾಗಿ ಕಾಯುವವರು 1958ರಿಂದ 1962ರವರೆಗೆ ಲೂಯಿಸ್ ದುಡಿದಂತೆ ದುಡಿಯಲಾರರು. 1955ರಿಂದ 1957ರವರೆಗಿನ ಆ ಮೂರು ವರ್ಷ ವ್ಯರ್ಥವೂ ಅಲ್ಲ. ಕೈಯ ವೇಗ, ತೋಳಿನ ಬೀಸು, ಸಹಿಯಂಥ ಗೆರೆ, ಅಂದಿನ ಅಮೆರಿಕದ ಚಿತ್ರಕಾರ ಹೆಮ್ಮೆಪಡುತ್ತಿದ್ದ ಇವನ್ನೆಲ್ಲ ಪೂರ್ತಿ ಪ್ರಯತ್ನಿಸಿದ ಮೇಲೆಯೇ ಅವರು ಬಿಟ್ಟದ್ದು. ಹಾಗಾಗಿಯೇ ಎರಡನೆಯ ಬಾರಿ ವೇಲ್‌ಗೆ ಮರಳಿದಾಗ ಹಿಂಜರಿಕೆಯೇ ಕಾಣುವುದಿಲ್ಲ.

1958ರಿಂದ ನಡೆದದ್ದು ಅಚ್ಚರಿಯ ಕಥೆ. 1959ರ ವಸಂತದಲ್ಲಿ ನ್ಯೂಯಾರ್ಕಿನ ಫ್ರೆಂಚ್ ಅಂಡ್ ಕಂಪನಿ ಲೂಯಿಸ್‌ರ ಪ್ರದರ್ಶನ ಮಾಡಿತು. ಹಳೆಯ ಪೀಠೋಪಕರಣ, ನೇಯ್ಗೆಯ ತೆರೆಗಳ ದೊಡ್ಡ ವ್ಯಾಪಾರಿಗಳು ಅವರು. ಸಮಕಾಲೀನ ಕಲೆಗೆಂದು ಹೊಸ ವಿಭಾಗ ತೆರೆದು ಗ್ರೀನ್‌ಬರ್ಗ್‌ರನ್ನು ಸಲಹೆಗಾರರನ್ನಾಗಿ ಇಟ್ಟುಕೊಂಡಿದ್ದರು. ಬಾರ್ನೆಟ್ ನ್ಯೂಮನ್‌ರ ಪ್ರದರ್ಶನವನ್ನೂ ಆಗಷ್ಟೇ ಮಾಡಿದ್ದರು. ಚಿತ್ರಕಾರರಾದ ರಾತ್ಕೊ, ನ್ಯೂಮನ್, ಕ್ಲಿಫರ್ಡ್ ಸ್ಟಿಲ್ 1940ರ ದಶಕದ ಕೊನೆಯಲ್ಲಿ ಅಗಲವಾದ ಬಣ್ಣದ ಹರವುಗಳಿಂದ ಆರಂಭಿಸಿದ್ದು ಈಗ ಎರಡನೆಯ ತಲೆಮಾರಿಗೆ ಬಂದಿತ್ತು. 1960ರಲ್ಲಿ ಗ್ರೀನ್‌ಬರ್ಗ್ ಲೂಯಿಸ್ ಮತ್ತು ನೋಲೆಂಡ್ ಬಗ್ಗೆ ಲೇಖನ ಬರೆದು, ಅವರಿಬ್ಬರೂ ನ್ಯೂಯಾರ್ಕಿನಿಂದ ದೂರವಿರುವುದೇ ಅವರಿಗೆ ಒಳ್ಳೆಯದಾಯಿತು ಎಂಬ ಅಭಿಪ್ರಾಯ ಕೊಟ್ಟರು. ಈ ಒಂದು ಮಾತಿನಲ್ಲಿ ಅವರು ಖಂಡಿತ ಸರಿ.

ಆ ವರ್ಷವೇ ಬೊಕೂರ್ ಮ್ಯಾಗ್ನಾದ ಪಾಕವನ್ನು ಬದಲಿಸಿದರು. ಸುರಿಯಲು ಹದವಾದ ಬಣ್ಣ ಲೂಯಿಸ್‌ರ ಕೈಗೆ ಬಂತು. ಬೇಸಿಗೆಯಲ್ಲಿ 'ಅನ್‌ಫರ್ಲ್ಡ್' ಸರಣಿ ಶುರುವಾಯಿತು, 1961ರ ಆರಂಭದವರೆಗೆ ನಡೆಯಿತು. ಇವುಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲ. ಎಡ ಅಂಚಿನಿಂದ ಹತ್ತಾರು ತೊರೆಗಳು ಓರೆಯಾಗಿ ಕೆಳಕ್ಕೆ ಇಳಿಯುತ್ತವೆ, ಬಲ ಅಂಚಿನಿಂದ ಅಷ್ಟೇ ತೊರೆಗಳು. ಕೆಂಪು, ಕಡುಹಸಿರು, ಹಳದಿ, ನೀಲಿ, ಕಪ್ಪು, ಪ್ರತಿಯೊಂದೂ ತನ್ನ ಪಾಡಿಗೆ ಹರಿದಿದೆ. ಒಂದರ ಬಣ್ಣ ಮತ್ತೊಂದಕ್ಕೆ ತಾಗಿಲ್ಲ. ನಡುವೆ ಮೇಲಿನಿಂದ ಕೆಳಗಿನವರೆಗೆ ಬಾಯಿ ತೆರೆದ ಬರೀ ಹತ್ತಿಬಟ್ಟೆ.

ಈ ಚಿತ್ರಗಳ ಮುಂದೆ ನಿಂತವರಿಗೆ ಕಣ್ಣು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಬಣ್ಣ ನೋಡಲು ಒಂದು ಪಕ್ಕಕ್ಕೆ ತಿರುಗಿದರೆ ಇನ್ನೊಂದು ಪಕ್ಕ ಕಣ್ಣಂಚಿನಲ್ಲಿ ಸರಿಯುತ್ತದೆ. ನಡುವೆ ನೋಡಿದರೆ ಏನೂ ಇಲ್ಲ, ಆದರೂ ಅತಿ ಹೆಚ್ಚು ಬೆಳಕು ಇರುವುದು ಅಲ್ಲೇ. ಚಿತ್ರದ ಮುಖ್ಯ ಭಾಗವನ್ನು ಮುಟ್ಟದೆ ಬಿಡುವ ಧೈರ್ಯ ಅಂದಿನ ಅಮೆರಿಕದಲ್ಲಿ ಇಷ್ಟು ದೊಡ್ಡ ಅಳತೆಯಲ್ಲಿ ಬೇರೆ ಯಾರೂ ತೋರಿಸಲಿಲ್ಲ. ಲೂಯಿಸ್‌ರ ಅತ್ಯುನ್ನತ ಕೃತಿಗಳು ಇವೇ ಎಂದು ನಾನು ನಂಬುತ್ತೇನೆ. ಊಟದ ಕೋಣೆಯ ಇಕ್ಕಟ್ಟನ್ನು ಅಡಚಣೆ ಎಂದಷ್ಟೇ ಎಣಿಸಿದರೆ ಈ ಚಿತ್ರಗಳು ಅರ್ಥವಾಗುವುದಿಲ್ಲ. ಬಟ್ಟೆಯ ಒಂದು ಪಕ್ಕವನ್ನು ಮುಗಿಸಿ, ಮಡಚಿ, ಇನ್ನೊಂದು ಪಕ್ಕಕ್ಕೆ ಹೋಗಬೇಕಾದಾಗ ಎರಡು ಅಂಚು, ನಡುವೆ ಖಾಲಿ ಎಂಬ ವಿನ್ಯಾಸ ಕೋಣೆಯಿಂದಲೇ ಹೊರಟಿರಬೇಕು ಅನಿಸುತ್ತದೆ.

ಆಮೇಲೆ 'ಸ್ಟ್ರೈಪ್' ಚಿತ್ರಗಳು. ಉದ್ದನೆಯ, ಕಿರಿದಾದ ಕ್ಯಾನ್ವಾಸ್‌ಗಳಲ್ಲಿ ಬಣ್ಣದ ಪಟ್ಟಿಗಳು ಒತ್ತೊತ್ತಾಗಿ ನೇರ ಇಳಿಯುತ್ತವೆ. 1961ರಲ್ಲಿ ಆಂದ್ರೆ ಎಮರಿಚ್ ಗ್ಯಾಲರಿ ನ್ಯೂಯಾರ್ಕಿನಲ್ಲಿ ಲೂಯಿಸ್‌ರ ಪ್ರದರ್ಶನ ಮಾಡಿತು. ಹಣ ಸ್ವಲ್ಪ ಬರತೊಡಗಿತು, ಯುರೋಪಿನಲ್ಲೂ ಹೆಸರಾಯಿತು. 1962ರ ಜುಲೈನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯ ನಂತರ ಅವರು ಮತ್ತೆ ಚಿತ್ರ ಬರೆಯಲಿಲ್ಲ. ಸೆಪ್ಟೆಂಬರ್ 7ರಂದು, ಐವತ್ತು ತುಂಬಲು ಮೂರು ತಿಂಗಳೂ ಇಲ್ಲದಿರುವಾಗ, ತೀರಿಕೊಂಡರು. ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಉಸಿರಾಡಿದ ದ್ರಾವಕದ ಆವಿಯೇ ಕಾರಣವೆಂದು ಬಹಳ ಜನ ಹೇಳುತ್ತ ಬಂದಿದ್ದಾರೆ.

ಮನೆಯಲ್ಲಿ ಸುರುಳಿಗಳು ಉಳಿದವು. 1954ರಿಂದ ಉಳಿದ ಚಿತ್ರಗಳು ಆರುನೂರರಷ್ಟು, ಬಹುಪಾಲಿಗೆ ಹೆಸರೇ ಇಲ್ಲ. ಅವಕ್ಕೆ ಹೆಸರಿಟ್ಟದ್ದು ಲೂಯಿಸ್ ಹೋದ ಮೇಲೆ: ವೇಲ್‌ಗಳಿಗೆ ಹೀಬ್ರೂ ಅಕ್ಷರ, ಅನ್‌ಫರ್ಲ್ಡ್‌ಗಳಿಗೆ ಗ್ರೀಕ್ ಅಕ್ಷರ. ಬಟ್ಟೆಯ ಅಂಚನ್ನು ಎಲ್ಲಿ ಕತ್ತರಿಸಬೇಕು, ಯಾವ ತುದಿ ಮೇಲಿರಬೇಕು ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ಮಾರ್ಸೆಲ್ಲಾ, ಎಮರಿಚ್ ಮತ್ತು ಗ್ರೀನ್‌ಬರ್ಗ್. ಬಣ್ಣ ಕೆಳಕ್ಕೆ ಹರಿದಿದ್ದರೂ ಚಿತ್ರವನ್ನು ತಿರುಗಿಸಿ ತೂಗುಹಾಕಿದರೆ ಅದು ಮೇಲೇರಿದಂತೆ ಕಾಣುತ್ತದೆ. ಎರಡು ಬೇರೆಯೇ ಚಿತ್ರಗಳಾಗುತ್ತವೆ. 1985ರಲ್ಲಿ ಡಯೇನ್ ಅಪ್‌ರೈಟ್ ಲೂಯಿಸ್‌ರ ಸಮಗ್ರ ಕೃತಿಸೂಚಿ ಪ್ರಕಟಿಸುವವರೆಗೆ ಇಂಥ ಗೊಂದಲಗಳಿಗೆ ಒಂದು ವ್ಯವಸ್ಥೆಯೇ ಇರಲಿಲ್ಲ. ಲೂಯಿಸ್ ಬದುಕಿದ್ದಾಗಲೂ ಗ್ಯಾಲರಿಯವರಿಗೆ ಈ ಸ್ವಾತಂತ್ರ್ಯವನ್ನು ಎಷ್ಟೋ ಸಲ ಬಿಟ್ಟುಕೊಟ್ಟಿದ್ದರು, ಅದು ನಿಜ. ಆದರೂ ತೀರಿಕೊಂಡವರ ಚಿತ್ರದ ತಲೆಯೂ ಬುಡವೂ ಮತ್ತೊಬ್ಬರ ತೀರ್ಪಾಗುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಮನ್ನಣೆ ತಡವಾಗಿ, ಆದರೆ ಒಟ್ಟಾಗಿ ಬಂತು. 1963ರಲ್ಲಿ ಗುಗ್ಗೆನ್‌ಹೈಮ್ ಮ್ಯೂಸಿಯಂ ಸ್ಮಾರಕ ಪ್ರದರ್ಶನ ಏರ್ಪಡಿಸಿತು. 1964ರ ವೆನಿಸ್ ಬಿನಾಲೆಯಲ್ಲಿ ಅಮೆರಿಕದ ಪರವಾಗಿ ಲೂಯಿಸ್ ಮತ್ತು ನೋಲೆಂಡ್ ಚಿತ್ರಗಳಿದ್ದವು. 1965ರಲ್ಲಿ ವಾಷಿಂಗ್ಟನ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್ ಲೂಯಿಸ್, ನೋಲೆಂಡ್, ಜೀನ್ ಡೇವಿಸ್, ಥಾಮಸ್ ಡೌನಿಂಗ್, ಹಾವರ್ಡ್ ಮೆಹ್ರಿಂಗ್, ಪಾಲ್ ರೀಡ್ ಈ ಆರು ಜನರನ್ನು ಒಟ್ಟಿಗೆ ತೋರಿಸಿತು; ವಾಷಿಂಗ್ಟನ್ನಿನ ಬಣ್ಣದ ಪಂಥ ಎಂಬ ಹೆಸರು ಅಲ್ಲಿಂದ ನಿಂತಿತು. ಈ ಕಲೆಯ ಸುದ್ದಿ ನಮ್ಮ ದೇಶಕ್ಕೂ ತಲುಪಿತ್ತು: 1967ರಲ್ಲಿ ಅಮೆರಿಕದ ಎರಡು ದಶಕಗಳ ಚಿತ್ರಕಲೆಯ ದೊಡ್ಡ ಪ್ರದರ್ಶನ ದೆಹಲಿಗೆ ಬಂದಾಗ ಗ್ರೀನ್‌ಬರ್ಗ್ ಕೂಡ ಬಂದಿದ್ದರು.

ಮಿಸಿಸಿಪ್ಪಿಯಲ್ಲಿ ಹುಟ್ಟಿದ ಸ್ಯಾಮ್ ಗಿಲಿಯಂ ಎಂಬ ಆಫ್ರಿಕನ್-ಅಮೆರಿಕನ್ ಚಿತ್ರಕಾರ ಲೂಯಿಸ್ ತೀರಿಕೊಂಡ ವರ್ಷವೇ ವಾಷಿಂಗ್ಟನ್‌ಗೆ ಬಂದು ನೆಲೆಸಿದರು. 1968ರ ಸುಮಾರಿಗೆ ಅವರು ಬಣ್ಣ ನೆನೆದ ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯುವುದನ್ನೇ ನಿಲ್ಲಿಸಿ, ಗೋಡೆಯಿಂದ, ಛಾವಣಿಯಿಂದ ಇಳಿಬಿಟ್ಟರು. ಲೂಯಿಸ್ ಕೋಣೆಯೊಳಗೆ ಸಡಿಲವಾಗಿ ಹಿಡಿದು ಆಮೇಲೆ ಬಿಗಿಯಬೇಕಾಗುತ್ತಿದ್ದ ಬಟ್ಟೆ ಗಿಲಿಯಂ ಕೈಯಲ್ಲಿ ಸಡಿಲವಾಗಿಯೇ ಉಳಿಯಿತು.

ಮ್ಯೂಸಿಯಂಗಳಿಗೆ ಈಗ ಇರುವ ತೊಂದರೆ ಬೇರೆ. ಲೇಪವಿಲ್ಲದ ಹತ್ತಿ ವರ್ಷ ಕಳೆದಂತೆ ಹಳದಿಯಾಗುತ್ತದೆ, ಧೂಳನ್ನು ಹಿಡಿದುಕೊಳ್ಳುತ್ತದೆ, ಒಂದು ಬೆರಳ ಗುರುತನ್ನೂ ಬಿಡುವುದಿಲ್ಲ. ಎಣ್ಣೆಚಿತ್ರದ ಮೇಲಿನ ಹಳೆಯ ವಾರ್ನಿಶ್ ತೆಗೆದಂತೆ ಇದನ್ನು ತೊಳೆಯಲಾಗದು, ಏಕೆಂದರೆ ಮ್ಯಾಗ್ನಾ ಅದೇ ದ್ರಾವಕಗಳಲ್ಲಿ ಕರಗುತ್ತದೆ. ಬೇರೆ ಚಿತ್ರಗಳಲ್ಲಿ ಹಿನ್ನೆಲೆ ಸ್ವಲ್ಪ ಮಾಸಿದರೆ ಸಹಿಸಬಹುದು. ಅನ್‌ಫರ್ಲ್ಡ್‌ನಲ್ಲಿ ನಡುವಿನ ಆ ಖಾಲಿ ಬಟ್ಟೆಯೇ ಚಿತ್ರದ ಮುಖ್ಯ ಬಣ್ಣ. ಅದು ಮಾಸಿದರೆ ಎರಡು ಬದಿಯ ತೊರೆಗಳಿಗೆ ಲೂಯಿಸ್ ಲೆಕ್ಕಹಾಕಿ ಕೊಟ್ಟ ಹೊಳಪೂ ತಗ್ಗುತ್ತದೆ. ಅದಕ್ಕೇ ಇವನ್ನು ಕಾಪಾಡುವವರು ಬೆಳಕನ್ನು ಅಳೆದು ಬಿಡುತ್ತಾರೆ, ಕೈಗವಸಿಲ್ಲದೆ ಹತ್ತಿರ ಸುಳಿಯುವುದಿಲ್ಲ, ಕೆಲವು ಕಾಲ ಪ್ರದರ್ಶಿಸಿ ಮತ್ತೆ ಕತ್ತಲೆಯ ಉಗ್ರಾಣಕ್ಕೆ ಸೇರಿಸುತ್ತಾರೆ.